ಮಂಗಳೂರಿನ ನುಡಿಗಳಲ್ಲಿ ಸತ್ಯದ ಗೆಲುವು

ಮಂಗಳೂರು ನಗರ ಮತ್ತು ಸುತ್ತಲಿನ ತುಳುನಾಡಿನಲ್ಲಿ ಕೆಡುಕಿನ ಮೇಲೆ ಒಳಿತಿನ ಗೆಲುವನ್ನು ಸಾರುವ ಗಾದೆ, ನುಡಿಗಟ್ಟು, ಆಣೆಮಾತು, ದೈವದ ನುಡಿ ಹಾಗೂ ರಂಗದ ಮಾತುಗಳ ಸಮೂಹ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಈ ನಾಲ್ಕೂ ಭಾಷೆಗಳಲ್ಲಿ ಇವು ಬಳಕೆಯಲ್ಲಿವೆ. ಪಾಡ್ದನ ಎಂಬ ತುಳು ಕಥನಗೀತೆ, ಭೂತಕೋಲ, ಯಕ್ಷಗಾನ, ದಸರಾ, ದೀಪಾವಳಿ ಮತ್ತು ಪುಣ್ಯಕ್ಷೇತ್ರಗಳ ನ್ಯಾಯಪದ್ಧತಿ ಇವುಗಳ ಮುಖ್ಯ ಮೂಲಗಳು. ಭಾರತದ ಬೇರೆಡೆಯ ಧರ್ಮಜಯದ ಮಾತುಗಳೊಂದಿಗೆ ಇವುಗಳಿಗೆ ನಂಟಿದೆ. ಆದರೂ ಒಂದು ಗುಣ ಇಲ್ಲಿ ಎದ್ದು ಕಾಣುತ್ತದೆ. ಇಲ್ಲಿನ ಕಥೆಗಳಲ್ಲಿ ಒಳ್ಳೆಯವನು ಬದುಕಿದ್ದಾಗ ಗೆಲ್ಲುವುದು ಅಪರೂಪ. ಅನ್ಯಾಯಕ್ಕೆ ಬಲಿಯಾದವನು ಸತ್ತ ಮೇಲೆ ದೈವವಾಗಿ ಬಂದು ಬಾಕಿ ಕೇಳುತ್ತಾನೆ. ಗೆಲುವೆಂದರೆ ಇಲ್ಲಿ ತಡವಾಗಿ ತೀರುವ ಲೆಕ್ಕ.

ಸಂಗ್ರಹದ ಚರಿತ್ರೆ

ಈ ಭಾಗದ ಗಾದೆ ಮತ್ತು ಪಾಡ್ದನಗಳು ಮೊದಲು ಅಚ್ಚಾದದ್ದು ಮಿಷನರಿಗಳ ಕೈಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆಯಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದದ್ದು ಇದೇ ಊರಿನಲ್ಲಿ. ಫರ್ಡಿನೆಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಶಬ್ದಗಳ ಬಳಕೆಯನ್ನು ತೋರಿಸಲು ಕಿಟೆಲರು ಅದರಲ್ಲಿ ಗಾದೆಗಳನ್ನು ಧಾರಾಳವಾಗಿ ಕೊಟ್ಟಿರುವುದರಿಂದ ಆ ನಿಘಂಟು ಗಾದೆಗಳ ಕಣಜವೂ ಆಗಿದೆ.

ತುಳುವಿನಲ್ಲಿ ಆಗಸ್ಟ್ ಮ್ಯಾನರ್ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನೂ ‘ಪಾಡ್ದನೊಳು’ ಎಂಬ ಸಂಗ್ರಹವನ್ನೂ ಪ್ರಕಟಿಸಿದರು. ಎ. ಸಿ. ಬರ್ನೆಲ್ ಸಂಗ್ರಹಿಸಿದ ದೈವಕಥನಗಳು ಅವರ ಮರಣಾನಂತರ, 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬಂದವು. ದೈವಾರಾಧನೆಯನ್ನು ‘ಪಿಶಾಚಾರಾಧನೆ’ ಎಂದು ಕರೆದ ಆ ಕಾಲದ ಶೀರ್ಷಿಕೆಗಳಲ್ಲಿ ಸಂಗ್ರಾಹಕರ ದೃಷ್ಟಿ ಸ್ಪಷ್ಟವಾಗಿ ಕಾಣುತ್ತದೆ. ತುಳುವರು ಸತ್ಯವೆಂದು ನಂಬಿದ ಶಕ್ತಿಗಳು ಆ ಪುಟಗಳಲ್ಲಿ ಕೆಡುಕಿನ ಪಾಲಿಗೆ ಸೇರಿದವು.

ಸ್ವಾತಂತ್ರ್ಯಾನಂತರ ಈ ಕೆಲಸ ಊರಿನ ವಿದ್ವಾಂಸರ ಕೈಗೆ ಬಂತು. ಬಿ. ಎ. ವಿವೇಕ ರೈ ತುಳು ಗಾದೆ, ಒಗಟು ಮತ್ತು ಪಾಡ್ದನಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ಅವಧಿಯಲ್ಲಿ ತುಳು ನಿಘಂಟನ್ನು ಆರು ಸಂಪುಟಗಳಲ್ಲಿ ಹೊರತಂದಿತು. ತುಳು, ಕೊಂಕಣಿ ಮತ್ತು ಬ್ಯಾರಿ ಸಾಹಿತ್ಯ ಅಕಾಡೆಮಿಗಳು ಮಂಗಳೂರಿನಿಂದಲೇ ಕೆಲಸ ಮಾಡುತ್ತಿವೆ.

ಗಾದೆಗಳ ಬಗೆಗಳು

ಮಂಗಳೂರಿನ ಮನೆ, ಮಾರುಕಟ್ಟೆ, ಕೋರ್ಟಿನ ಜಗಲಿಗಳಲ್ಲಿ ಕೇಳುವ ಗಾದೆಗಳಲ್ಲಿ ಹೆಚ್ಚಿನವು ಕರ್ನಾಟಕಕ್ಕೆಲ್ಲ ಸಮಾನ. ವಿಷಯದ ದೃಷ್ಟಿಯಿಂದ ಇವುಗಳನ್ನು ನಾಲ್ಕು ಗುಂಪು ಮಾಡಬಹುದು.

ಮೊದಲನೆಯವು ಕರ್ಮಫಲದವು. ‘ಮಾಡಿದ್ದುಣ್ಣೋ ಮಹಾರಾಯ’, ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’, ‘ಬೇವು ಬಿತ್ತಿ ಮಾವು ಬಯಸಿದಂತೆ’ ಈ ಬಗೆಗೆ ಸೇರುತ್ತವೆ. ತುಳುವಿನಲ್ಲಿ ಇವೇ ‘ಮಲ್ತಿನೆನ್ ಉಣೊಡು’, ‘ಉಪ್ಪು ತಿಂದಿನಾಯೆ ನೀರ್ ಪರೊಡು’ ಎಂಬ ರೂಪ ಪಡೆಯುತ್ತವೆ. ಇವುಗಳಲ್ಲಿ ತೀರ್ಪು ಕೊಡುವವನು ಯಾರೂ ಇಲ್ಲ. ಉಪ್ಪೇ ಬಾಯಾರಿಕೆ ತರುತ್ತದೆ, ಬೀಜವೇ ಫಲ ಕೊಡುತ್ತದೆ. ಮಾಡಿದ ಕೆಲಸದೊಳಗೇ ಅದರ ಶಿಕ್ಷೆ ಅಡಗಿದೆ ಎಂಬುದು ಇವುಗಳ ತತ್ತ್ವ.

ಎರಡನೆಯವು ಕೆಡುಕು ತನ್ನನ್ನು ತಾನೇ ನಾಶಮಾಡಿಕೊಳ್ಳುವುದನ್ನು ಹೇಳುವಂಥವು. ‘ತಾನು ತೋಡಿದ ಗುಂಡಿಗೆ ತಾನೇ ಬಿದ್ದ’, ‘ಭಸ್ಮಾಸುರನಿಗೆ ವರ ಕೊಟ್ಟಂತೆ’, ‘ಪಾಪದ ಕೊಡ ತುಂಬಿತು’ ಇಂಥವು. ಮೂರನೆಯವು ಗುಟ್ಟು ರಟ್ಟಾಗುವ ಮಾತುಗಳು. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’, ‘ಕಳ್ಳನ ಮನಸ್ಸು ಹುಳ್ಳುಳ್ಳಗೆ’ ಎಂಬಲ್ಲಿ ಅಪರಾಧಿಯ ಅಳುಕೇ ಸಾಕ್ಷಿ ನುಡಿಯುತ್ತದೆ. ನಾಲ್ಕನೆಯವು ಸತ್ಯದ ಬಾಳಿಕೆಯ ಮಾತುಗಳು: ‘ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ’ ಎಂಬುದು ಇವುಗಳಲ್ಲಿ ಹೆಚ್ಚು ಪ್ರಚಲಿತ.

ಇವೆಲ್ಲವನ್ನೂ ಮೀರಿ ದಿನನಿತ್ಯ ಕಿವಿಗೆ ಬೀಳುವ ಮಾತು ತೀರ ಸಣ್ಣದು. ಮೋಸಹೋದವನು, ಜಗಳದಲ್ಲಿ ಸೋತವನು, ಕೇಸಿನಲ್ಲಿ ಸಾಕ್ಷಿ ಸಿಗದವನು ಮಂಗಳೂರು ಕನ್ನಡದಲ್ಲಿ ‘ದೇವರು ಉಂಟಲ್ಲ’ ಎನ್ನುತ್ತಾನೆ. ತುಳುವಿನಲ್ಲಿ ‘ದೇವೆರ್ ಉಲ್ಲೆರ್’, ಕೊಂಕಣಿಯಲ್ಲಿ ‘ದೇವ್ ಆಸಾ’. ಹೇಳುವವನ ದನಿಗೆ ತಕ್ಕಂತೆ ಇದೇ ಮಾತು ಸಮಾಧಾನವೂ ಆಗುತ್ತದೆ, ಎದುರಾಳಿಗೆ ಎಚ್ಚರಿಕೆಯೂ ಆಗುತ್ತದೆ.

ದೈವದ ನುಡಿ

ತುಳುವರು ದೈವಗಳನ್ನು ‘ಸತ್ಯೊಲು’ ಎಂದು ಕರೆಯುತ್ತಾರೆ. ಕೋಲ ಅಥವಾ ನೇಮ ಎಂಬ ದೈವಾರಾಧನೆಯ ರಾತ್ರಿ ನಲಿಕೆ, ಪರವ, ಪಂಬದ ಸಮುದಾಯದ ಕಲಾವಿದರು ದೈವದ ವೇಷ ಧರಿಸುತ್ತಾರೆ. ಭಕ್ತರ ಪರವಾಗಿ ದೈವದ ಮುಂದೆ ಮಾಡುವ ನಿವೇದನೆಗೆ ‘ಮದಿಪು’ ಎಂದೂ ದೈವ ಆಡುವ ಗಂಭೀರ ಮಾತಿಗೆ ‘ನುಡಿಕಟ್ಟು’ ಎಂದೂ ಹೆಸರು. ಆಸ್ತಿಯ ತಕರಾರು, ಅಣ್ಣತಮ್ಮಂದಿರ ಮನಸ್ತಾಪ, ಹರಕೆ ಮರೆತ ದೋಷ ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಗುತ್ತು ಎಂಬ ಯಜಮಾನಮನೆಯ ಅಂಗಳದಲ್ಲಿ ದೂರ ನಿಲ್ಲಬೇಕಾಗಿದ್ದ ವ್ಯಕ್ತಿಯೇ ಆ ರಾತ್ರಿ ಯಜಮಾನನನ್ನು ಹೆಸರು ಹಿಡಿದು ಕರೆದು ಪ್ರಶ್ನಿಸುತ್ತಾನೆ. ಯಜಮಾನ ಕೈಮುಗಿದು ಉತ್ತರ ಕೊಡುತ್ತಾನೆ.

ಈ ಆರಾಧನೆಯ ಶಬ್ದಗಳು ಆಡುಮಾತಿಗೂ ಬಂದಿವೆ. ಶಕ್ತಿಯನ್ನು ತೋರಿಸಿಕೊಟ್ಟ ದೈವಕ್ಕೆ ‘ಕಾರ್ಣಿಕ’ ಇದೆ ಎನ್ನುತ್ತಾರೆ. ಮನುಷ್ಯದೇಹ ಬಿಟ್ಟು ದೈವತ್ವಕ್ಕೇರುವುದನ್ನು ‘ಕಾಯ ಬುಡ್ದು ಮಾಯೊಗು ಸಂದುನಿ’ ಎನ್ನುತ್ತಾರೆ. ಪಾಡ್ದನಗಳ ನಾಯಕರಿಗೆ ಸಾವು ಸೋಲಾಗುವುದಿಲ್ಲ. ಅನ್ಯಾಯ ಮಾಡಿದವನ ಕೈಗೆ ಸಿಗದ ಎಡೆಗೆ ಅವರು ಹೋಗುತ್ತಾರೆ. ಅವನ ಲೆಕ್ಕ ಕೇಳುವ ಅಧಿಕಾರ ಅಲ್ಲಿಂದ ಅವರಿಗೆ ಸಿಗುತ್ತದೆ.

ಪಾಡ್ದನಗಳಲ್ಲಿ ನ್ಯಾಯದ ಮಾದರಿಗಳು

ಕಲ್ಕುಡ–ಕಲ್ಲುರ್ಟಿಯರ ಕಥೆ ಈ ಮಾದರಿಗೆ ಎಲ್ಲಕ್ಕಿಂತ ನಿಚ್ಚಳವಾದ ಉದಾಹರಣೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡನು ಮತ್ತೆಲ್ಲೂ ಅಂಥ ಮೂರ್ತಿಯನ್ನು ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲನ್ನು ಕಡಿಸಿದ. ಉಳಿದ ಕೈಯಿಂದಲೇ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸಿದ. ಅಣ್ಣನಿಗಾದ ಗತಿ ಕಂಡು ಕೆರಳಿದ ತಂಗಿ ಕಲ್ಲುರ್ಟಿಯೂ ಅವನೂ ಮಾಯ ಸೇರಿ ಅರಸನ ಮೇಲೆ ಸೇಡು ತೀರಿಸಿಕೊಂಡರು. ಶಾಸನಗಳ ಪ್ರಕಾರ ಕಾರ್ಕಳದ ಮೂರ್ತಿಯ ಪ್ರತಿಷ್ಠೆ 1432ರಲ್ಲಿ ವೀರಪಾಂಡ್ಯನಿಂದ, ವೇಣೂರಿನದು 1604ರಲ್ಲಿ ತಿಮ್ಮರಾಜ ಅಜಿಲನಿಂದ. ಎರಡರ ನಡುವೆ 172 ವರ್ಷಗಳ ಅಂತರವಿರುವುದರಿಂದ ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಶಾಸನ ಮೂರ್ತಿ ಮಾಡಿಸಿದ ಅರಸನ ಹೆಸರನ್ನು ಉಳಿಸಿತು. ಪಾಡ್ದನ ಉಳಿಸಿದ್ದು ಕಲ್ಲು ಕಡೆದವನ ನೋವನ್ನು.

ಕೋಟಿ–ಚೆನ್ನಯರ ಕಥೆಯ ಬೇರು ಈಡೇರದ ಮಾತಿನಲ್ಲಿದೆ. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ವಾಸಿಮಾಡಿದ ದೇಯಿ ಬೈದೆತಿಗೆ ಅರಸ ಮಾತು ಕೊಟ್ಟಿದ್ದ. ಅವಳ ಅವಳಿಮಕ್ಕಳು ಬೆಳೆದು ಗದ್ದೆ ಮಾಡುವಾಗ ಪಕ್ಕದ ಗದ್ದೆಯ ಮಂತ್ರಿ ಬುದ್ಯಂತ ನೀರಿಗೂ ಬಿತ್ತನೆಗೂ ಅಡ್ಡಿಯಾದ. ಅವನನ್ನು ಕೊಂದು ಊರು ಬಿಟ್ಟ ಈ ಅವಳಿಗಳು ಪಂಜದಲ್ಲಿ ಸೆರೆಯನ್ನು ಕಂಡು, ಎಣ್ಮೂರಿನ ಯುದ್ಧದಲ್ಲಿ ಮಡಿದರು. ಇಂದು ತುಳುನಾಡಿನ ಗರಡಿಗಳಲ್ಲಿ ಅವರಿಗೆ ಆರಾಧನೆ ಸಲ್ಲುತ್ತದೆ. ಮಂಗಳೂರು ನಗರದೊಳಗಿನ ಕಂಕನಾಡಿ ಗರಡಿ ಅವುಗಳಲ್ಲಿ ಹೆಸರಾದದ್ದು. ‘ನಂಬಿದವರಿಗೆ ಇಂಬು, ನಂಬದವರಿಗೆ ಅಂಬು’ ಎಂಬ ಮಾತನ್ನು ಈ ವೀರರಿಗೆ ಸೇರಿಸಿ ಹೇಳುತ್ತಾರೆ. ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. 1973ರಲ್ಲಿ ಇದು ತುಳು ಚಲನಚಿತ್ರವಾಯಿತು.

ಸಿರಿಯ ಪಾಡ್ದನ ಹೆಣ್ಣಿನ ಕಡೆಯಿಂದ ನ್ಯಾಯವನ್ನು ಕೇಳುತ್ತದೆ. ಸತ್ಯನಾಪುರದ ಬೆರ್ಮು ಆಳ್ವನ ಮೊಮ್ಮಗಳಾದ ಸಿರಿ ಗಂಡ ಕಾಂತು ಪೂಂಜನ ದ್ರೋಹವನ್ನು ಸಹಿಸದೆ ಮಗುವನ್ನೆತ್ತಿಕೊಂಡು ಮನೆ ಬಿಡುತ್ತಾಳೆ, ವಿವಾಹವನ್ನು ಮುರಿದುಕೊಳ್ಳುತ್ತಾಳೆ, ಮುಂದೆ ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ. ಅವಳ ಅಸ್ತ್ರ ಸತ್ಯವಾಕ್ಯ ಮತ್ತು ಶಾಪ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಯೋಗದಲ್ಲಿ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಮುಲ್ಕಿ ಸಮೀಪದ ಕವತ್ತಾರು ಸಿರಿ ಜಾತ್ರೆಯ ಮುಖ್ಯ ಸ್ಥಳಗಳಲ್ಲಿ ಒಂದು.

ಕೊರಗಜ್ಜನ ಕಥೆ ಇವುಗಳಿಗಿಂತ ಭಿನ್ನ. ಮೈರಕ್ಕೆ ಬೈದೆತಿಯ ಆಸರೆಯಲ್ಲಿ ಬೆಳೆದ ಕೊರಗ ಸಮುದಾಯದ ತನಿಯ ದೇವಸ್ಥಾನಕ್ಕೆ ಕಾಣಿಕೆ ಹೊತ್ತು ಹೋದ. ಒಳಗೆ ಹೋಗುವ ಅವಕಾಶ ಇರಲಿಲ್ಲ. ಮಾಪಳದ ಹಣ್ಣು ಕೊಯ್ಯಲು ಹೋದವನು ಅಲ್ಲೇ ಮಾಯವಾಗಿ ಕೊರಗಜ್ಜನಾದ. ಅವನು ಯಾರನ್ನೂ ಕೊಲ್ಲಲಿಲ್ಲ. ಮಂಗಳೂರಿನ ಸಮೀಪದ ಕುತ್ತಾರಿನ ಅವನ ಸನ್ನಿಧಿಗೆ ಕಳೆದುಹೋದ ಒಡವೆ, ಕಳುವಾದ ವಾಹನ, ಕೈತಪ್ಪಿದ ಹಣಕ್ಕಾಗಿ ಎಲ್ಲ ಜಾತಿ, ಮತದವರೂ ಬರುತ್ತಾರೆ. ಚಕ್ಕುಲಿ, ಎಲೆಯಡಿಕೆ, ಶೇಂದಿ ಅಜ್ಜನಿಗೆ ಪ್ರಿಯವಾದ ಹರಕೆ.

ಆಣೆ, ಹರಕೆ ಮತ್ತು ನ್ಯಾಯ

ಒಳಿತಿನ ಗೆಲುವಿನ ಮಾತು ಇಲ್ಲಿ ಬರಿಯ ನೀತಿಯಾಗಿ ನಿಲ್ಲದೆ ವ್ಯವಹಾರಕ್ಕೂ ಇಳಿದಿದೆ. ‘ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಎಂಬ ಗಾದೆ ಕರ್ನಾಟಕದಾದ್ಯಂತ ಪ್ರಸಿದ್ಧ. ತಿರುಪತಿಯ ದೇವರು ಹರಕೆಯ ಹಣವನ್ನೂ ಧರ್ಮಸ್ಥಳದ ದೇವರು ಕೊಟ್ಟ ಮಾತನ್ನೂ ಬಿಡದೆ ವಸೂಲು ಮಾಡುತ್ತಾರೆ ಎಂಬುದು ಅದರ ತಾತ್ಪರ್ಯ. ಧರ್ಮಸ್ಥಳದಲ್ಲಿ ಕ್ಷೇತ್ರದ ಧರ್ಮಾಧಿಕಾರಿ ಹೆಗ್ಗಡೆಯವರು ಸಿವಿಲ್ ಸ್ವರೂಪದ ವ್ಯಾಜ್ಯಗಳನ್ನು ಕೇಳಿ ತೀರ್ಮಾನ ಹೇಳುವ ಪದ್ಧತಿ ಹಿಂದಿನಿಂದ ಬಂದಿದೆ. ಅನ್ನ, ಔಷಧ, ವಿದ್ಯೆಗಳ ಜೊತೆಗೆ ಅಭಯವನ್ನೂ ಸೇರಿಸಿ ಅಲ್ಲಿ ನಾಲ್ಕು ದಾನಗಳನ್ನು ಎಣಿಸುತ್ತಾರೆ.

ಕಾಸರಗೋಡು ಜಿಲ್ಲೆಯ ಕಾನತ್ತೂರು ನಾಲ್ವರ್ ದೈವಸ್ಥಾನವೂ ಇಂಥದೇ ನ್ಯಾಯಸ್ಥಾನ. ಸುಳ್ಳು ಆರೋಪ ಹೊತ್ತವನು ‘ಧರ್ಮಸ್ಥಳಕ್ಕೆ ಬಾ, ಆಣೆ ಮಾಡುವ’, ‘ಕಾನತ್ತೂರಿಗೆ ಬಾ’ ಎಂದು ಎದುರಾಳಿಯನ್ನು ಕರೆಯುವುದು ಹಳ್ಳಿಯ ಜಗಳಗಳಲ್ಲೂ ಉಂಟು, ರಾಜಕಾರಣಿಗಳ ಪತ್ರಿಕಾಗೋಷ್ಠಿಗಳಲ್ಲೂ ಉಂಟು. ಕರೆದಾಗ ಬರಲು ಒಪ್ಪದವನು ಅರ್ಧ ಸೋತಂತೆಯೇ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನ ಕಲ್ಲುರ್ಟಿಗೆ ಅಗೆಲು ಸೇವೆ ಹೇಳಿಕೊಳ್ಳುವವರಲ್ಲಿ ನ್ಯಾಯ ಸಿಗದೆ ನೊಂದವರೂ ಇರುತ್ತಾರೆ. ಅಣ್ಣನಿಗಾಗಿ ಅರಸನನ್ನೇ ಎದುರಿಸಿದ ತಂಗಿಯಲ್ಲಿ ಅವರು ಮೊರೆಯಿಡುತ್ತಾರೆ.

ಯಕ್ಷಗಾನ ಮತ್ತು ತಾಳಮದ್ದಳೆ

ದುಷ್ಟಶಿಕ್ಷಣ, ಶಿಷ್ಟರಕ್ಷಣ ಎಂಬ ಜೋಡಿಮಾತು ಕರಾವಳಿಯ ಜನರ ನಾಲಗೆಗೆ ಹತ್ತಿರವಾಗಲು ಯಕ್ಷಗಾನವೇ ದೊಡ್ಡ ಕಾರಣ. ಮಂಗಳೂರು ಯಕ್ಷಗಾನದ ತೆಂಕುತಿಟ್ಟು ಶೈಲಿಯ ನೆಲ. ನಗರದಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ ಕಟೀಲು ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳಗಳು ಹರಕೆಯ ಆಟಗಳನ್ನು ಆಡುತ್ತವೆ. ಅವುಗಳಲ್ಲಿ ‘ಶ್ರೀದೇವಿ ಮಹಾತ್ಮೆ’ಗೆ ಅಗ್ರಸ್ಥಾನ. ನಂದಿನಿ ನದಿಯ ನಡುವಿನ ಆ ಕ್ಷೇತ್ರದ ಪುರಾಣವೂ ದೇವಿ ದುಂಬಿಯ ರೂಪದಲ್ಲಿ ಅರುಣಾಸುರನನ್ನು ಕೊಂದ ಕಥೆ.

‘ಶ್ರೀದೇವಿ ಮಹಾತ್ಮೆ’ಯಲ್ಲಿ ಮಧು–ಕೈಟಭರಿಂದ ಶುಂಭ–ನಿಶುಂಭರವರೆಗೆ ರಾಕ್ಷಸರ ಸಾಲೇ ಇದೆ. ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ನುಗ್ಗಿ ಬರುವ ಮಹಿಷಾಸುರನ ಪ್ರವೇಶಕ್ಕಾಗಿ ಮಕ್ಕಳು ನಿದ್ದೆಗೆಟ್ಟು ಕಾಯುತ್ತಾರೆ. ಬಣ್ಣದ ವೇಷದ ವೈಭವ ಎಷ್ಟೆಂದರೆ, ಆಟ ನೋಡಿ ಬಂದವರು ಮೊದಲು ಮಾತಾಡುವುದು ಸೋತ ರಾಕ್ಷಸನ ಬಗ್ಗೆ. ಕತ್ತಲಲ್ಲಿ ಶುರುವಾದ ಆಟದಲ್ಲಿ ದೇವಿ ಗೆಲ್ಲುವ ಹೊತ್ತಿಗೆ ಬೆಳಕು ಹರಿಯುತ್ತದೆ. ಈಚಿನ ವರ್ಷಗಳ ಕಾಲಮಿತಿಯ ಪ್ರಯೋಗಗಳಲ್ಲಿ ಈ ಹೊಂದಾಣಿಕೆ ತಪ್ಪಿದೆ.

ರಂಗದ ಪಾತ್ರಗಳು ಮಾತಿನಲ್ಲಿ ಅಡ್ಡಹೆಸರುಗಳಾಗಿವೆ. ಕುತಂತ್ರಿಗೆ ಶಕುನಿ, ಹೆಣ್ಣಿನ ಮೇಲೆ ಕಣ್ಣಿಟ್ಟವನಿಗೆ ಕೀಚಕ, ಒಂದನ್ನು ತಡೆದರೆ ಹತ್ತಾಗಿ ಹುಟ್ಟುವ ಪಿಡುಗಿಗೆ ರಕ್ತಬೀಜಾಸುರ. ‘ಬಣ್ಣ ಬಯಲಾಯಿತು’, ‘ವೇಷ ಕಳಚಿತು’, ‘ಮಂಗಳ ಹಾಡಿದರು’ ಎಂಬ ನುಡಿಗಟ್ಟುಗಳು ಕನ್ನಡಕ್ಕೆಲ್ಲ ಸೇರಿದ್ದರೂ ಬಣ್ಣ ಹಚ್ಚುವ ಚೌಕಿಯನ್ನೂ ಭಾಗವತರ ಮಂಗಳಪದವನ್ನೂ ಕಣ್ಣಾರೆ ಕಂಡ ಕರಾವಳಿಯವರಿಗೆ ಅವು ಕಣ್ಣೆದುರಿನ ಚಿತ್ರಗಳು.

ತಾಳಮದ್ದಳೆ ಈ ಪರಂಪರೆಗೆ ಇನ್ನೊಂದು ಮುಖವನ್ನು ಕೊಟ್ಟಿತು. ವೇಷ, ಕುಣಿತಗಳಿಲ್ಲದ ಈ ಕೂಟದಲ್ಲಿ ಅರ್ಥಧಾರಿ ತನ್ನ ಪಾತ್ರದ ಪರವಾಗಿ ವಾದ ಹೂಡುತ್ತಾನೆ. ವಾಲಿ ರಾಮನನ್ನು ಪ್ರಶ್ನಿಸುತ್ತಾನೆ, ಕೌರವ ಕೃಷ್ಣನ ಸಂಧಾನವನ್ನು ತರ್ಕದಿಂದ ಒಡೆಯುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ನಿಂತದ್ದು ಹೆಚ್ಚಾಗಿ ಇಂಥ ಪ್ರತಿನಾಯಕ ಪಾತ್ರಗಳಿಂದ. ಕಥೆಯ ಅಂತ್ಯ ಬದಲಾಗುವುದಿಲ್ಲ, ವಾಲಿ ಸಾಯಲೇಬೇಕು. ಆದರೆ ಅವನ ಪ್ರಶ್ನೆಗೆ ರಾಮ ಉತ್ತರ ಕೊಡದೆ ಕೂಟ ಮುಂದೆ ಸಾಗುವುದಿಲ್ಲ. ವಾದವನ್ನು ಕೇಳಿಸಿಕೊಳ್ಳದೆ ಬಂದ ಗೆಲುವನ್ನು ಇಲ್ಲಿನ ಶ್ರೋತೃಗಳು ಗೆಲುವೆಂದು ಒಪ್ಪುವುದಿಲ್ಲ.

ಹಬ್ಬಗಳು ಮತ್ತು ಸ್ಥಳಗಳು

ಮಂಗಳೂರಿಗೆ ಹೆಸರು ತಂದುಕೊಟ್ಟ ಮಂಗಳಾದೇವಿಯ ಸ್ಥಳಪುರಾಣದಲ್ಲಿ ಅಂಡಾಸುರನ ವಧೆಯ ಪ್ರಸಂಗವಿದೆ. ನವರಾತ್ರಿಯ ರಥೋತ್ಸವದಲ್ಲಿ ದೇವಿಯ ರಥ ಮಾರ್ನಮಿಕಟ್ಟೆಯವರೆಗೆ ಸಾಗುತ್ತದೆ. ಮಹಾನವಮಿಗೆ ಇಲ್ಲಿನ ಹೆಸರು ಮಾರ್ನೆಮಿ. ಹುಲಿವೇಷ ಮೊದಲಾದ ಮಾರ್ನೆಮಿ ವೇಷಗಳು ಆ ದಿನಗಳಲ್ಲಿ ಬೀದಿಗಿಳಿಯುತ್ತವೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದ ದಸರಾದಲ್ಲಿ ನವದುರ್ಗೆಯರು ಮತ್ತು ಶಾರದೆಯ ಮೂರ್ತಿಗಳ ಮೆರವಣಿಗೆ ರಾತ್ರಿಯಿಡೀ ನಡೆದು ಕ್ಷೇತ್ರದ ಪುಷ್ಕರಿಣಿಯಲ್ಲಿ ವಿಸರ್ಜನೆಯಾಗುತ್ತದೆ. ದೇವಸ್ಥಾನಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಬಿಲ್ಲವರು ಕಟ್ಟಿಕೊಂಡ ಕ್ಷೇತ್ರ ಇದು. ಇಲ್ಲಿನ ವಿಜಯದಶಮಿಗೆ ಅಸುರವಧೆಯ ಪುರಾಣದ ಜೊತೆಗೆ ಈ ಸಾಮಾಜಿಕ ವಿಜಯದ ನೆನಪೂ ಸೇರಿದೆ. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಕ್ಷೇತ್ರದ ಪುರಾಣ ದಾರಿಕಾಸುರನ ವಧೆಯದು. ಆ ಗುಡಿಯನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನೆಂಬುದು ಐತಿಹ್ಯ.

ದೀಪಾವಳಿ ಮಾತ್ರ ಒಳಿತು, ಕೆಡುಕುಗಳ ಈ ಸರಳ ಗೆರೆಯನ್ನು ಅಳಿಸುತ್ತದೆ. ನರಕ ಚತುರ್ದಶಿಯ ಎಣ್ಣೆಸ್ನಾನ ನರಕಾಸುರನ ವಧೆಯ ಸಂಭ್ರಮ. ಮರುದಿನಗಳಲ್ಲಿ ತುಳುವ ಬೇಸಾಯಗಾರನು ವಾಮನನಿಗೆ ಸೋತ ಬಲಿ ಚಕ್ರವರ್ತಿಯನ್ನು ಗದ್ದೆಯಲ್ಲಿ, ಅಂಗಳದಲ್ಲಿ ದೀಪವಿಟ್ಟು ‘ಬಲೀಂದ್ರ’ ಎಂದು ಕೂಗಿ ಕರೆಯುತ್ತಾನೆ, ಸಮೃದ್ಧಿಯನ್ನು ತಾ ಎಂದು ಬೇಡುತ್ತಾನೆ. ಕಲ್ಲು ಕಾಯಿ ಬಿಟ್ಟಾಗ, ಉಪ್ಪು ಕರ್ಪೂರವಾದಾಗ ನಿನ್ನ ರಾಜ್ಯ ಮರಳಿ ನಿನಗೇ ಎಂದು ಅವನಿಗೆ ಮಾತು ಕೊಡಲಾಗಿತ್ತೆಂದು ಜನಪದ ಹೇಳುತ್ತದೆ. ಎಂದೂ ನಡೆಯದ ಸಂಗತಿಗಳ ಈ ಪಟ್ಟಿಯಲ್ಲಿ ವಂಚನೆ ಇದೆಯೆಂದು ಹಾಡುವವರಿಗೂ ಗೊತ್ತು. ಪುರಾಣದಲ್ಲಿ ಗೆದ್ದ ದೇವರನ್ನು ಪೂಜಿಸುವ ಮನೆಯವರೇ ಸೋತ ಅರಸನ ಪರವಾಗಿ ಮರುಗುತ್ತಾರೆ.

ಕೊಂಕಣಿ, ಬ್ಯಾರಿ, ಜೈನ ಪರಂಪರೆಗಳು

ಮಂಗಳೂರಿನ ಕೊಂಕಣಿ ಕ್ರೈಸ್ತರು ಕೃತಜ್ಞತೆ ಹೇಳಲು ಬಳಸುವ ‘ದೇವ್ ಬರೆಂ ಕರುಂ’ ಎಂಬ ಮಾತಿನ ಅರ್ಥ ದೇವರು ಒಳ್ಳೆಯದು ಮಾಡಲಿ ಎಂದು. ಉಪಕಾರಕ್ಕೆ ಪ್ರತಿಫಲ ಕೊಡುವ ಹೊಣೆ ಇದರಲ್ಲಿ ದೇವರಿಗೆ ಸೇರುತ್ತದೆ. ಬಿತ್ತಿದ್ದನ್ನೇ ಕೊಯ್ಯಬೇಕು ಎಂಬ ಮಾತು ಬೇಸಾಯದಿಂದಲೂ ಬೈಬಲಿನಿಂದಲೂ ಈ ಸಮುದಾಯಕ್ಕೆ ಪರಿಚಿತ. ಕೆಡುಕಿನ ಮೂರ್ತಿಯಾದ ಸೈತಾನನಿಗೆ ಕೊಂಕಣಿಯಲ್ಲಿ ‘ದೆವ್ಚಾರ್’ ಎಂದು ಹೆಸರು. ತಂಟೆಕೋರ ಮಕ್ಕಳಿಗೂ ಇದೇ ಬೈಗುಳ.

ಬ್ಯಾರಿ ಮುಸ್ಲಿಮರಲ್ಲಿ ದಬ್ಬಾಳಿಕೆಯವನಿಗೆ ಫಿರ್‌ಔನನ ಹೋಲಿಕೆ, ಸಹನೆಗೆ ‘ಸಬ್ರ್’ ಎಂಬ ಮಾತು ಇಸ್ಲಾಮಿನ ಪರಂಪರೆಯಿಂದ ಬಂದಿವೆ. ಕ್ರಿ.ಶ. 624ರ ಬದ್ರ್ ಕಾಳಗದಲ್ಲಿ ಮುನ್ನೂರು ಚಿಲ್ಲರೆ ಮಂದಿ ತಮಗಿಂತ ಸುಮಾರು ಮೂರು ಪಟ್ಟು ದೊಡ್ಡದಾದ ಸೇನೆಯನ್ನು ಸೋಲಿಸಿದ ನೆನಪು ಇಲ್ಲಿ ಗಾಢವಾಗಿದೆ. ದಕ್ಷಿಣ ಕನ್ನಡದ ಅನೇಕ ಮಸೀದಿಗಳಿಗೆ ‘ಬದ್ರಿಯಾ’ ಎಂಬ ಹೆಸರಿರುವುದು ಇದರ ಕುರುಹು.

ಜೈನ ಪರಂಪರೆಯ ಗೆಲುವಿಗೆ ಬೇರೆಯೇ ಅರ್ಥ. ಕಾರ್ಕಳ, ವೇಣೂರುಗಳಲ್ಲಿ ನಿಂತಿರುವ ಬಾಹುಬಲಿ ಅಣ್ಣ ಭರತನನ್ನು ಸೋಲಿಸಿದ ಕ್ಷಣದಲ್ಲೇ ರಾಜ್ಯವನ್ನು ಬಿಟ್ಟುಕೊಟ್ಟವನು. ಹೊರಗಿನ ಶತ್ರುವಿಗಿಂತ ಒಳಗಿನ ಅಹಂಕಾರವನ್ನು ಗೆದ್ದದ್ದು ಅಲ್ಲಿ ಹೆಚ್ಚಿನದು. ಇಂಥ ಮೂರ್ತಿಯನ್ನು ಕಡೆದವನ ಕೈಯನ್ನು ಅರಸ ಕಡಿಸಿದ ಎಂಬ ಪಾಡ್ದನ ಅದೇ ನಾಡಿನಲ್ಲಿ ಹುಟ್ಟಿದೆ.

ಅಚ್ಚಿನ ಸಾಹಿತ್ಯದಲ್ಲಿ

ಕನ್ನಡದ ಆರಂಭಕಾಲದ ಸಾಮಾಜಿಕ ಕಾದಂಬರಿಯೊಂದು ಈ ವಸ್ತುವನ್ನೇ ಶೀರ್ಷಿಕೆಯಲ್ಲಿ ಹೊತ್ತು ಮಂಗಳೂರಿನಲ್ಲಿ ಅಚ್ಚಾಯಿತು. ಗುಲ್ವಾಡಿ ವೆಂಕಟರಾಯರ (1844–1913) ‘ಇಂದಿರಾಬಾಯಿ’ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1899ರಲ್ಲಿ ಬಂತು. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಬಾಲವಿಧವೆ ಇಂದಿರೆ ಕಪಟ ಸನ್ಯಾಸಿಗಳಿಂದಲೂ ಹೆತ್ತವರ ಮೂಢತನದಿಂದಲೂ ತಪ್ಪಿಸಿಕೊಂಡು, ಅಮೃತರಾಯನ ಆಶ್ರಯದಲ್ಲಿ ಓದಿ, ಭಾಸ್ಕರನನ್ನು ಮರುಮದುವೆಯಾಗುತ್ತಾಳೆ. ಪೊಲೀಸ್ ಅಧಿಕಾರಿಯಾಗಿದ್ದ ವೆಂಕಟರಾಯರು ಲಂಚ, ಕಪಟಗಳನ್ನು ಹತ್ತಿರದಿಂದ ಬಲ್ಲವರು. ಸಿರಿ ಶಾಪದಿಂದ ಪಡೆದದ್ದನ್ನು ಇಂದಿರೆ ಶಿಕ್ಷಣದಿಂದ ಪಡೆಯುತ್ತಾಳೆ. ದೈವದ ಕೈಯಲ್ಲಿದ್ದ ತೀರ್ಪು ಈ ಕಾದಂಬರಿಯಲ್ಲಿ ಶಾಲೆಗೂ ಸುಧಾರಕರಿಗೂ ಹಸ್ತಾಂತರವಾಯಿತು. ಗಾದೆಯೊಂದೇ ಕಾದಂಬರಿಯ ಹೆಸರಾದ ಇನ್ನೊಂದು ಪ್ರಸಿದ್ಧ ಉದಾಹರಣೆ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’. ಅದು ಮೈಸೂರು ಸೀಮೆಯದು.

ಗೆದ್ದವರ ಮಾತು: ಕಲ್ಯಾಣಪ್ಪನ ಕಾಟಕಾಯಿ

ಯಾರು ಒಳ್ಳೆಯವರು ಎಂಬುದನ್ನು ಗೆದ್ದವರೇ ತೀರ್ಮಾನಿಸುವುದಕ್ಕೆ ಮಂಗಳೂರಿನಲ್ಲಿ ಒಂದು ಸ್ಪಷ್ಟ ನಿದರ್ಶನವಿದೆ. ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರ ವಿರುದ್ಧ ಸುಳ್ಯ ಸೀಮೆಯಿಂದ ಎದ್ದ ರೈತರ ಪಡೆ 1837ರ ಏಪ್ರಿಲ್ 5ರಂದು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಸುಮಾರು ಎರಡು ವಾರ ನಗರ ಅವರ ಕೈಯಲ್ಲಿತ್ತು. ದಂಗೆಯನ್ನು ಅಡಗಿಸಿದ ಬಳಿಕ ಬ್ರಿಟಿಷರು ನಾಯಕ ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಆ ಘಟನೆ ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿ, ಹಾವಳಿ ಎಂಬ ಹೆಸರಿನಿಂದ ಉಳಿಯಿತು. ಒಂದು ಶತಮಾನಕ್ಕೂ ಮೇಲ್ಪಟ್ಟ ಕಾಲ ಕಳೆದ ನಂತರ ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿ ಮತ್ತು ಸ್ಥಳೀಯ ಸಂಶೋಧಕರ ಬರಹಗಳು ಅದನ್ನು ಅಮರಸುಳ್ಯದ ಸ್ವಾತಂತ್ರ್ಯ ಸಮರವೆಂದು ಮರುಹೆಸರಿಸಿದವು. 2022ರ ನವೆಂಬರಿನಲ್ಲಿ ಆ ಹೋರಾಟದ ಇನ್ನೊಬ್ಬ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು.

ಹೊರನಾಡುಗಳ ಹೋಲಿಕೆ

ತುಳುನಾಡಿನಂಥ ಮಾತುಗಳು ಹೊರನಾಡುಗಳಲ್ಲೂ ಇವೆ. ಕೆಡುಕು ನೇರನಡೆಯನ್ನು ಗೆಲ್ಲಲಾರದು ಎಂಬ ಮಾತು ಹಾಂಗ್‌ಕಾಂಗ್ ಮತ್ತು ಗ್ವಾಂಗ್‌ಝೌ ಪ್ರದೇಶದ ಕ್ಯಾಂಟನೀಸ್ ಭಾಷಿಕರಲ್ಲಿ ಪ್ರಚಲಿತ. ಒಳಿತಿಗೆ ಒಳಿತಿನ ಫಲ, ಕೆಡುಕಿಗೆ ಕೆಡುಕಿನ ಫಲ, ಫಲ ಕಾಣದಿದ್ದರೆ ಹೊತ್ತು ಇನ್ನೂ ಬಂದಿಲ್ಲ ಎಂಬ ಅವರ ಇನ್ನೊಂದು ಮಾತಿಗೂ ತುಳುವಿನ ‘ದೇವೆರ್ ಉಲ್ಲೆರ್’ಗೂ ಹತ್ತಿರದ ಹೋಲಿಕೆ ಕಾಣುತ್ತದೆ. ಎರಡೂ ಕಡೆ ಸಮುದ್ರ ವ್ಯಾಪಾರದ ಊರುಗಳೇ, ಎರಡೂ ಕಡೆ ಫಲವನ್ನು ಬಾಕಿಯಂತೆ ಎಣಿಸುತ್ತಾರೆ. ಚೀನೀ ಮಾತುಗಳಲ್ಲಿ ಆ ಬಾಕಿಯನ್ನು ವಸೂಲು ಮಾಡುವುದು ವಿಶ್ವದ ನಿಯಮ. ತುಳುನಾಡಿನಲ್ಲಿ ನೊಂದವನೇ ದೈವವಾಗಿ ಅಂಗಳಕ್ಕೆ ಬರುತ್ತಾನೆ.

ಮಿತಿಗಳು

ಈ ನುಡಿಪರಂಪರೆಗೆ ವಿಮರ್ಶೆಯೂ ಇದೆ. ‘ಮಾಡಿದ್ದುಣ್ಣೋ’ ಎಂಬ ಗಾದೆ ಅನ್ಯಾಯ ಮಾಡಿದವನಿಗೆ ಎಚ್ಚರಿಕೆಯಾಗಬಲ್ಲದು. ರೋಗಿಗೆ, ಬಡವನಿಗೆ ಹೇಳಿದಾಗ ಅದೇ ಮಾತು ಕ್ರೌರ್ಯವಾಗುತ್ತದೆ. ನ್ಯಾಯವನ್ನು ದೇವರಿಗೆ ಬಿಟ್ಟೆ ಎನ್ನುವವನು ಪೊಲೀಸ್ ಠಾಣೆಗೂ ಕೋರ್ಟಿಗೂ ಹೋಗಬೇಕಾದ ಕಡೆ ಹೋಗದೆ ಉಳಿಯುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ವಿರೋಧಾಭಾಸ ಕೊರಗಜ್ಜನ ಸನ್ನಿಧಿಯದು. ಕೊರಗ ದೈವಕ್ಕೆ ಕೈಮುಗಿದ ಸಮಾಜವೇ ಕೊರಗ ಜನರನ್ನು ಅಜಲು ಎಂಬ ಅಮಾನವೀಯ ಪದ್ಧತಿಗೆ ಗುರಿಮಾಡಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಯನ್ನೇ ತರಬೇಕಾಯಿತು.

ಇಂದಿನ ಬಳಕೆ

ತುಳು ರಂಗಭೂಮಿಯ ‘ಶಿವದೂತೆ ಗುಳಿಗೆ’ ನಾಟಕ, 2022ರ ‘ಕಾಂತಾರ’ ಚಲನಚಿತ್ರಗಳಿಂದ ದೈವದ ನ್ಯಾಯ ಎಂಬ ಕಲ್ಪನೆ ತುಳು ಅರಿಯದವರಿಗೂ ಪರಿಚಯವಾಗಿದೆ. ರಿಕ್ಷಾಗಳ ಹಿಂಬದಿಯ ಬರಹ, ವಾಟ್ಸ್ಆ್ಯಪ್ ಸ್ಟೇಟಸ್, ಚುನಾವಣಾ ಭಾಷಣಗಳಲ್ಲಿ ಸತ್ಯ, ಧರ್ಮ, ದೈವ ಎಂಬ ಮಾತುಗಳು ಧಾರಾಳವಾಗಿ ಓಡಾಡುತ್ತಿವೆ. ಹೊಸ ರೂಪಗಳಲ್ಲಿ ಸೇಡಿನ ಅಬ್ಬರ ಹೆಚ್ಚಿದೆ, ವಿಚಾರಣೆಯ ತಾಳ್ಮೆ ಕುಗ್ಗಿದೆ. ಹಳೆಯ ಪಾಡ್ದನ, ಕೋಲ, ತಾಳಮದ್ದಳೆಗಳಲ್ಲಿ ಶಿಕ್ಷೆಗಿಂತ ಮೊದಲು ಪ್ರಶ್ನೆ ಇತ್ತು, ಉತ್ತರಕ್ಕೆ ಅವಕಾಶವಿತ್ತು, ಸೋತವನಿಗೂ ಒಂದು ದೀಪವಿತ್ತು. ಕೆಡುಕಿನ ಮೇಲೆ ಒಳಿತು ಗೆಲ್ಲುವ ಕಥೆ ಎಲ್ಲ ನಾಡುಗಳಲ್ಲೂ ಇದೆ. ಗೆದ್ದವನಿಂದಲೂ ಲೆಕ್ಕ ಕೇಳುವ ಈ ಪದ್ಧತಿಯೇ ಆ ಕಥೆಗೆ ಮಂಗಳೂರು ಸೀಮೆ ಕೊಟ್ಟ ಸ್ವಂತ ಕೊಡುಗೆ.